ಮನೆಯಲ್ಲಿ ಪುಟ್ಟ ಕಡಲು: ಕರೆಂಟು, ನೀರು ನೋಡಿ ಸಾಮಾನು ಕೊಳ್ಳಿ

ಸಾಂಗ್ಲಿವಾಡಿ: ಗೋಲ್ಡ್ ಫಿಶ್ ಸಾಕಿ ಕೈ ಪಳಗಿದವರಿಗೆ ಮುಂದಿನ ಆಸೆ ಸಾಮಾನ್ಯವಾಗಿ ಒಂದೇ, ಉಪ್ಪುನೀರಿನ ತೊಟ್ಟಿ. ಕೇಸರಿ ಮೈಮೇಲೆ ಬಿಳಿ ಪಟ್ಟೆಯ 'ನೀಮೋ' ಮೀನು, ಬಣ್ಣಬಣ್ಣದ ಹವಳ, ನೀಲಿ ಬೆಳಕು. ಸಾಂಗ್ಲಿ-ಮಿರಜ್‌ನವರು ಕಡಲು ನೋಡಬೇಕೆಂದರೆ ಘಟ್ಟ ಇಳಿದು ರತ್ನಾಗಿರಿಗೆ ಹೋಗಬೇಕು. ಆದರೂ ಇಂಥ ತೊಟ್ಟಿಯನ್ನು ನಮ್ಮೂರಲ್ಲಿ ಇಡಲು ಸಾಧ್ಯವಿದೆ.

ತೊಂದರೆ ಇರುವುದು ಸಾಮಾನಿನ ಪಟ್ಟಿಯಲ್ಲಿ. ಅಂಗಡಿಯ ಪಟ್ಟಿ ಉದ್ದವಿರುತ್ತದೆ; ಅದರಲ್ಲಿ ಹಲವು ಸಾಮಾನು ಮೊದಲ ವರ್ಷ ಬೇಕಾಗುವುದಿಲ್ಲ. ಆದರೆ ಕರೆಂಟ್ ಹೋದಾಗ ಮೀನನ್ನು ಉಳಿಸುವ ಸಾಮಾನು ಎಷ್ಟೋ ಸಲ ಆ ಪಟ್ಟಿಯಲ್ಲೇ ಇರುವುದಿಲ್ಲ. ಆದ್ದರಿಂದ ಹಣ ಎಣಿಸುವ ಮೊದಲು ಇದನ್ನು ಓದಿ.

ಹವಳ ಬೇಡ, ಏಕೆ?

ಮರಾಠಿಯಲ್ಲಿ 'ಪ್ರವಾಳ' ಎನ್ನುವ ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಸಣ್ಣ ಸಣ್ಣ ಪ್ರಾಣಿಗಳ ಗುಂಪು. ನಮಗೆ ಹತ್ತಿರದ ಹವಳ ಸಿಂಧುದುರ್ಗ ಜಿಲ್ಲೆಯ ಮಾಲವಣದ ಕಡಲಲ್ಲಿದೆ. ಕರ್ನಾಟಕದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ ಮತ್ತು ಕಡಲ ಬೀಸಣಿಗೆಗಳನ್ನು ಸೇರಿಸಲಾಯಿತು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ತಪ್ಪಿಗೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ.

ಪ್ರವಾಸಕ್ಕೆ ಹೋದಾಗ ಮುರಿದು ತಂದ ಒಣ ಹವಳದ ತುಂಡಿಗೂ ಈ ಕಾನೂನು ಅನ್ವಯಿಸುತ್ತದೆ. 'ಲೈವ್ ರಾಕ್' ಎಂದು ಮಾರುವ ಕಲ್ಲು ಎಷ್ಟೋ ಸಲ ಹವಳದ ದಿಬ್ಬದಿಂದಲೇ ಒಡೆದು ತಂದದ್ದಾಗಿರುತ್ತದೆ. 'ಹೊರದೇಶದ ಮಾಲು, ಚಿಂತೆ ಇಲ್ಲ' ಎಂಬ ಬಾಯಿಮಾತನ್ನು ನಂಬಬೇಡಿ. ಅದರ ಬದಲು ಕಾರ್ಖಾನೆಯಲ್ಲಿ ಮಾಡಿದ ತೂತು-ತೂತಾದ ಸೆರಾಮಿಕ್ ಕಲ್ಲು ಸಿಗುತ್ತದೆ. ಅದನ್ನು ಗುಡ್ಡದಂತೆ ಜೋಡಿಸಿದರೆ ಮೀನಿಗೆ ಅಡಗಲು ಜಾಗವೂ ಆಯಿತು, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಕ್ಕೆ ಮನೆಯೂ ಆಯಿತು.

ಹವಳ ಬಿಟ್ಟರೆ ಖರ್ಚೂ ಇಳಿಯುತ್ತದೆ. ದುಬಾರಿ ರೀಫ್ ಲೈಟ್ ಇರುವುದು ಹವಳವನ್ನು ಬೆಳೆಸಲಿಕ್ಕೆ. ಮೀನಿಗೆ ಹತ್ತು ವ್ಯಾಟ್‌ನ ಸಾದಾ ಎಲ್‌ಇಡಿ ದಿನಕ್ಕೆ ಎಂಟು ತಾಸು ಉರಿದರೆ ಸಾಕು. ಕ್ಯಾಲ್ಸಿಯಂ ಹಾಕುವ ಯಂತ್ರ, ಹವಳದ ಔಷಧಿ ಬಾಟಲಿ ಯಾವುದೂ ಬೇಡ.

ತೊಟ್ಟಿ ತೀರಾ ಚಿಕ್ಕದಿರಬಾರದು

'ಚಿಕ್ಕದಾದರೆ ಸುಲಭ' ಎಂಬುದು ತಪ್ಪು ತಿಳುವಳಿಕೆ. ನೀರು ಕಡಿಮೆ ಇದ್ದಷ್ಟೂ ಅದು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಹೊಸಬರಿಗೆ 2 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಸರಿ. ಅದರ ಅಳತೆ ಸುಮಾರು 88 ಲೀಟರ್. ಕಲ್ಲು ಇಟ್ಟು, ಮೇಲೆ ಜಾಗ ಬಿಟ್ಟರೆ ನೀರು ಸುಮಾರು 75 ಲೀಟರ್ ಹಿಡಿಯುತ್ತದೆ. ತುಂಬಿದಾಗ ಒಟ್ಟು ತೂಕ ನೂರು ಕಿಲೋ ದಾಟುತ್ತದೆ. ಟಿ.ವಿ. ಸ್ಟ್ಯಾಂಡ್ ಮೇಲೆ ಇಡಬೇಡಿ. ಕಬ್ಬಿಣದ ಸ್ಟ್ಯಾಂಡಿಗೆ ಉಪ್ಪು ತಾಗಿ ತುಕ್ಕು ಹಿಡಿಯುತ್ತದೆ, ಅದಕ್ಕೆ ಚೆನ್ನಾಗಿ ಬಣ್ಣ ಬಳಿಸಿ.

ನೀರು ಮತ್ತು ಉಪ್ಪು

ಮಹಾನಗರಪಾಲಿಕೆಯ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರಿನ ನೀರು ನಮ್ಮ ಕಡೆ ಗಡಸು. ಗೊಬ್ಬರದ ನೈಟ್ರೇಟ್ ಕೂಡ ಸೇರಿರಬಹುದು. ಮನೆಯ ಆರ್.ಓ. ನೀರು ಸಾಲದೇ ಎಂದು ಕೇಳಬಹುದು. ಕುಡಿಯುವ ಆರ್.ಓ. ಯಂತ್ರದಲ್ಲಿ ರುಚಿಗಾಗಿ ಸ್ವಲ್ಪ ಖನಿಜ ಉಳಿಸುತ್ತಾರೆ. ತೊಟ್ಟಿಗೆ ಬೇಕಾದದ್ದು ಟಿ.ಡಿ.ಎಸ್. ಸೊನ್ನೆ ಇರುವ ನೀರು. ಆರ್.ಓ. ನಂತರ ಡಿ.ಐ. ರೆಸಿನ್ ಇರುವ ಒಂದು ಕಾರ್ಟ್ರಿಜ್ ಜೋಡಿಸಿದರೆ ಆ ಕೆಲಸ ಆಗುತ್ತದೆ. ಜೊತೆಗೆ ಪೆನ್ನಿನಷ್ಟು ಉದ್ದದ ಟಿ.ಡಿ.ಎಸ್. ಮೀಟರ್ ಇರಲಿ.

ಉಪ್ಪು ಎಂದರೆ ಅಡುಗೆ ಉಪ್ಪಲ್ಲ. ಕಡಲ ನೀರಿನಲ್ಲಿ ಮ್ಯಾಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಇರುತ್ತವೆ. ಅಕ್ವೇರಿಯಂಗೆಂದೇ ಮಾಡಿದ ಸಮುದ್ರ ಉಪ್ಪನ್ನೇ ಕೊಳ್ಳಿ. ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕ. ಮೊದಲ ಸಲ ತುಂಬಲು ಮೂರು ಕಿಲೋದೊಳಗೆ ಆಗುತ್ತದೆ. ಸಾಂದ್ರತೆ 1.025 ಆಸುಪಾಸು ಇರಬೇಕು. ಅದನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ, ಆದರೆ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಸುಳ್ಳು ಹೇಳುತ್ತದೆ.

ಒಂದು ಮಾತು ನೆನಪಿಡಿ: ನೀರು ಆರಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆರಿದ ನೀರಿನ ಜಾಗಕ್ಕೆ ದಿನವೂ ಸಾದಾ ಶುದ್ಧ ನೀರು ಹಾಕಿ. ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ವಾರಕ್ಕೊಮ್ಮೆ 7-8 ಲೀಟರ್ ತೆಗೆದು ಅಷ್ಟೇ ಹೊಸ ಉಪ್ಪುನೀರು ಹಾಕಿ. ತೆಗೆದ ನೀರನ್ನು ಗಿಡಕ್ಕಾಗಲಿ ಹೊಲಕ್ಕಾಗಲಿ ಚೆಲ್ಲಬೇಡಿ. ಕೃಷ್ಣಾ ದಂಡೆಯ ಕಬ್ಬಿನ ಹೊಲಗಳಲ್ಲಿ ಸವಳು ಏರುವ ಕಷ್ಟ ನಮಗೆ ಹೊಸದಲ್ಲ.

ಪಂಪು, ಫಿಲ್ಟರ್, ಫ್ಯಾನು

ಕಡಲಲ್ಲಿ ನೀರು ನಿಲ್ಲುವುದಿಲ್ಲ. ತಾಸಿಗೆ 750ರಿಂದ 1,500 ಲೀಟರ್ ನೀರು ತಳ್ಳುವ ಒಂದು ಚಿಕ್ಕ ವೇವ್ ಮೇಕರ್ ಸಾಕು. ಹಿಂಬದಿಗೆ ತೂಗುಹಾಕುವ ಫಿಲ್ಟರ್ ಒಂದು ಇರಲಿ. ನೊರೆ ಎಬ್ಬಿಸಿ ಕೊಳೆ ತೆಗೆಯುವ 'ಪ್ರೋಟೀನ್ ಸ್ಕಿಮ್ಮರ್' ಒಳ್ಳೆಯ ಸಾಮಾನೇ, ಆದರೆ ಎರಡೇ ಮೀನು ಇಟ್ಟು ವಾರವಾರ ನೀರು ಬದಲಿಸುವವರಿಗೆ ಈಗಲೇ ಅಗತ್ಯವಿಲ್ಲ.

ನೀರಿನ ಬಿಸಿ 25ರಿಂದ 27 ಡಿಗ್ರಿ ಇರಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತೊಟ್ಟಿ ಸುಲಭವಾಗಿ 30 ದಾಟುತ್ತದೆ. ಚಿಲ್ಲರ್ ಬೆಲೆ ಕೇಳಿ ಗಾಬರಿಯಾಗಬೇಡಿ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಚಿಕ್ಕ ಫ್ಯಾನ್ ಎರಡು-ಮೂರು ಡಿಗ್ರಿ ಇಳಿಸುತ್ತದೆ. ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ಆಗ ನೀರು ಹೆಚ್ಚು ಆರುತ್ತದೆ, ಆದ್ದರಿಂದ ದಿನವೂ ತುಂಬಲು ಮರೆಯಬೇಡಿ. ಡಿಸೆಂಬರ್-ಜನವರಿಯ ಚಳಿಗೆ 75ರಿಂದ 100 ವ್ಯಾಟ್‌ನ ಹೀಟರ್ ಬೇಕು.

ಉಪ್ಪುನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ. ತೊಟ್ಟಿಯ ಪ್ಲಗ್ ಇರುವ ಲೈನಿಗೆ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತುಬಿದ್ದಿರಲಿ. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕೈ ಹಾಕುವ ಮೊದಲು ಎಲ್ಲ ಬಂದ್ ಮಾಡಿ.

ಲೈಟ್ ಹೋದಾಗ ಏನು?

ನಮ್ಮ ಕಡೆ ತೊಟ್ಟಿಗೆ ದೊಡ್ಡ ಪರೀಕ್ಷೆ ಇದೇ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಪಂಪ್ ನಿಂತು ಕೆಲವು ತಾಸಾದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ಪವರ್ ಬ್ಯಾಂಕಿಗೆ ಹಚ್ಚುವ ಯು.ಎಸ್.ಬಿ. ಏರ್ ಪಂಪ್ ಒಂದನ್ನು ಮೊದಲ ದಿನವೇ ಕೊಳ್ಳಿ. ಒಂದೂವರೆ ವ್ಯಾಟ್‌ನ ಪಂಪನ್ನು 10,000 ಎಂ.ಎ.ಎಚ್. ಪವರ್ ಬ್ಯಾಂಕ್ ಸುಮಾರು 20 ತಾಸು ನಡೆಸುತ್ತದೆ. ಕೆಲವು ಪವರ್ ಬ್ಯಾಂಕ್ ಇಷ್ಟು ಕಡಿಮೆ ಕರೆಂಟಿಗೆ ತಾನಾಗಿ ಬಂದ್ ಆಗುತ್ತವೆ, ಮೊದಲೇ ಹಚ್ಚಿ ನೋಡಿ. ನೀರು ಹಿಂದೆ ಹರಿದು ಪಂಪಿಗೆ ಬಾರದಂತೆ ನಳಿಕೆಗೆ ಚೆಕ್ ವಾಲ್ವ್ ಹಾಕಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ವೇವ್ ಮೇಕರ್ ಮಾತ್ರ ಅದಕ್ಕೆ ಹಚ್ಚಿ, ಹೀಟರ್ ಬೇಡ. ಏನೂ ಇಲ್ಲದಿದ್ದರೆ ತಂಬಿಗೆಯಿಂದ ನೀರು ಎತ್ತಿ ಎತ್ತರದಿಂದ ಸುರಿಯುತ್ತಿರಿ. ಆ ಹೊತ್ತಿನಲ್ಲಿ ತಿನಿಸು ಹಾಕಬೇಡಿ.

ಮಹಾಪೂರದ ಮಾತು ಬೇರೆ. ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ 57 ಅಡಿ ದಾಟಿತ್ತು. 2005 ಮತ್ತು 2021ರಲ್ಲೂ ಸಾಂಗ್ಲಿವಾಡಿ ನೀರು ಕಂಡಿದೆ. ನೀರು ಬರುವ ಓಣಿಯಲ್ಲಿ ಮನೆ ಇದ್ದರೆ ತೊಟ್ಟಿ ಮೇಲಿನ ಮಾಳಿಗೆಯಲ್ಲಿ, ಗಟ್ಟಿ ಗೋಡೆಗೆ ಒತ್ತಿ ಇರಲಿ. ನೂರು ಕಿಲೋ ತೊಟ್ಟಿಯನ್ನು ಆ ಹೊತ್ತಿಗೆ ಯಾರೂ ಎತ್ತಲಾರರು. ಮನೆ ಬಿಡಿ ಎಂದು ಸೂಚನೆ ಬಂದಾಗ ಮೀನಿಗಾಗಿ ನಿಲ್ಲಬೇಡಿ.

ಮೀನು ಕೊನೆಗೆ

ಎಲ್ಲ ಜೋಡಿಸಿ, ನೀರು ತುಂಬಿ, ಬ್ಯಾಕ್ಟೀರಿಯಾದ ಬಾಟಲಿ ಮತ್ತು ಅದಕ್ಕೆ ಆಹಾರವಾಗಿ ಚಿಟಿಕೆ ಮೀನಿನ ತಿನಿಸು ಹಾಕಿ ನಾಲ್ಕರಿಂದ ಆರು ವಾರ ಬರಿದೇ ನಡೆಸಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ತನ್ನಿ. ಈ ಕಾಯುವಿಕೆ ತಪ್ಪಿಸಿದರೆ ತಂದ ಮೀನು ವಾರ ಕಳೆಯುವುದರೊಳಗೆ ಸಾಯಬಹುದು.

ಒಂದು ಜೋಡಿ ಕ್ಲೌನ್ ಮೀನು ಸಾಕು. ಹ್ಯಾಚರಿಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ತನ್ನಿ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಅಂಥ ಮರಿ ತೊಟ್ಟಿಗೆ ಬೇಗ ಹೊಂದುತ್ತದೆ, ಕಡಲೂ ಬರಿದಾಗುವುದಿಲ್ಲ.

ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಆರ್.ಸಿ.ಸಿ.ಬಿ. ಮತ್ತು ಡಿ.ಐ. ಕಾರ್ಟ್ರಿಜ್, ನಂತರ ತೊಟ್ಟಿ, ಉಪ್ಪು, ರಿಫ್ರ್ಯಾಕ್ಟೋಮೀಟರ್, ಟೆಸ್ಟ್ ಕಿಟ್, ಆಮೇಲೆ ಕಲ್ಲು, ವೇವ್ ಮೇಕರ್, ಫಿಲ್ಟರ್, ಯು.ಎಸ್.ಬಿ. ಪಂಪ್, ಫ್ಯಾನ್, ಹೀಟರ್, ಸಾದಾ ಲೈಟ್. ಹಣ ಉಳಿದರೆ ಇನ್ನೊಂದು ಏರ್ ಪಂಪ್ ತಂದಿಡಿ, ಇನ್ನೊಂದು ಮೀನು ಬೇಡ.

ಕೊಳ್ಳುವ ಮೊದಲು ಒಮ್ಮೆ ರತ್ನಾಗಿರಿಗೆ ಹೋದರೆ ಝಾಡಗಾವ್‌ನ ಸಾಗರ ಜೀವಶಾಸ್ತ್ರ ಸಂಶೋಧನಾ ಕೇಂದ್ರದ ಮತ್ಸ್ಯಾಲಯ ನೋಡಿ ಬನ್ನಿ. ದಿನವೂ ಎಷ್ಟು ಕೆಲಸ ಬೀಳುತ್ತದೆ ಎಂದು ಅಲ್ಲಿನವರನ್ನು ಕೇಳಿ. ಆ ಉತ್ತರ ಕೇಳಿದ ಮೇಲೂ ಆಸೆ ಉಳಿದರೆ ತೊಟ್ಟಿ ಇಡಿ.