ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಗೆ

ಒಂದೂವರೆ ವರ್ಷದ ಮಗು ಸುಮಾರು 10 ಕಿಲೋ ತೂಗುತ್ತದೆ. ಅಷ್ಟೇ ತೂಕದ ಅಕ್ಕಿಯ ಚೀಲವನ್ನು ಹೆಗಲಿಗೇರಿಸಿದರೆ ಅದು ಇಟ್ಟಲ್ಲಿಯೇ ಇರುತ್ತದೆ. ಮಗುವಾದರೋ ಹಾಗಲ್ಲ; ಕಾಗೆ ಕಂಡರೆ ಹಿಂದಕ್ಕೆ ಬಾಗುತ್ತದೆ, ಕೋಪ ಬಂದರೆ ಒದೆಯುತ್ತದೆ, ನಿದ್ದೆ ಹೋದರೆ ಒಮ್ಮೆಲೇ ಎರಡರಷ್ಟು ಭಾರವಾದಂತೆ ತೋರುತ್ತದೆ. ಇದನ್ನು ನೋವಿಲ್ಲದೆ ಹೊರುವುದು ಹೇಗೆಂಬುದು ಬಿ.ಎ. ತರಗತಿಯ ವಿದ್ಯಾರ್ಥಿ ಬರೆಯತಕ್ಕ ವಿಷಯವೇ ಎಂದು ಕೆಲವರು ಕೇಳಿಯಾರು. ಕಳೆದ ವರ್ಷ ನನಗೆ ಇದಕ್ಕಿಂತ ದೊಡ್ಡ ವಿಷಯ ಬೇರೊಂದಿರಲಿಲ್ಲ.

ಅಕ್ಕ ಮೈಸೂರಿನಲ್ಲಿ ಹೊಲಿಗೆಯ ಕಾರ್ಖಾನೆಗೆ ಸೇರಿದುದರಿಂದ ಅವಳ ಮಗಳು ನಮ್ಮ ಮನೆಯಲ್ಲಿಯೇ ಬೆಳೆಯುತ್ತಿದ್ದಾಳೆ. ಅವ್ವ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವವಳು. ಹೋಗುವಾಗಲೂ ಬರುವಾಗಲೂ ಕೂಸು ಅವಳ ಎಡ ಸೊಂಟದ ಮೇಲೆ. ಒಂದು ದಿನ ಬದುವಿನ ಮೇಲೆ ಕುಳಿತವಳು ಏಳಲಾರದೆ ಹೋದಳು. ಹನ್ನೆರಡು ದಿನ ಕೂಲಿ ತಪ್ಪಿತು. ಆ ಕೂಲಿಯಿಂದಲೇ ನನ್ನ ಪರೀಕ್ಷೆಯ ಶುಲ್ಕ ಕಟ್ಟಬೇಕಾಗಿದ್ದಿತು. ಮಗುವನ್ನು ಹೊರುವ ಸರದಿ ನನ್ನದಾಯಿತು. ನಾಲ್ಕೇ ದಿನಕ್ಕೆ ನನ್ನ ಸೊಂಟವೂ ಹಿಡಿದುಕೊಂಡಿತು.

ಸೊಂಟದ ಮೇಲೆ ಕೂರಿಸಿಕೊಂಡಾಗ ಭಾರವೆಲ್ಲ ಒಂದೇ ಪಕ್ಕಕ್ಕೆ ಬೀಳುತ್ತದೆ. ಅದನ್ನು ತಡೆಯಲು ನಾವು ಅರಿಯದೆಯೇ ಆ ಕಡೆಯ ಸೊಂಟವನ್ನು ಹೊರಕ್ಕೆ ಚಾಚಿ, ಮೈಯನ್ನು ಇನ್ನೊಂದು ಕಡೆಗೆ ವಾಲಿಸುತ್ತೇವೆ. ಬೆನ್ನು ಸೊಟ್ಟಗೆ ನಿಂತು, ಒಂದು ಪಕ್ಕದ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ. ಒಂದು ಕೈಯಂತೂ ಮಗುವಿಗೇ ಮೀಸಲು. ಸ್ವಲ್ಪ ಹೊತ್ತಿಗಾದರೆ ಕೇಡಿಲ್ಲ. ದಿನವೂ ಒಂದೇ ಕಡೆ, ಮೈಲಿಗಟ್ಟಲೆ ಎಂದಾಗಲೇ ತೊಂದರೆ.

ನಮ್ಮ ಊರಿಗೆ ಬೈಲಕುಪ್ಪೆ ದೂರವಿಲ್ಲ. ಅಲ್ಲಿ 1961ರಲ್ಲಿ ಟಿಬೆಟನ್ನರ ವಸತಿ ಸ್ಥಾಪನೆಯಾಯಿತು. ಅಲ್ಲಿಯ ಅಜ್ಜಿಯೊಬ್ಬರು ಮೊಮ್ಮಗುವನ್ನು ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡು, ಸಂತೆಯಲ್ಲಿ ಎರಡು ಕೈಯಿಂದಲೂ ಬದನೆಕಾಯಿ ಆರಿಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿ ನಕ್ಕಿದ್ದೆ. ಅದು ಈಗ ನೆನಪಾಯಿತು. ಹುಡುಕಿ ಓದಿದಾಗ ದಕ್ಷಿಣ ಚೀನದವರ ‘ಮೇ ತಾಯ್’ ಎಂಬ ಸಾಧನದ ವಿಚಾರ ತಿಳಿಯಿತು: ಒಂದು ಚೌಕದ ಬಟ್ಟೆ, ನಾಲ್ಕು ಮೂಲೆಗೆ ನಾಲ್ಕು ಪಟ್ಟಿ, ಇಷ್ಟೇ. ಬೆನ್ನ ಮೇಲೆ ಹೊರುವ ಪಟ್ಟಿ ಎಂದು ಕ್ಯಾಂಟನೀಸ್ ನುಡಿಯಲ್ಲಿ ಅದರ ಅರ್ಥ. ನಮ್ಮ ‘ತಾಯಿ’ಗೂ ಅದಕ್ಕೂ ಸಂಬಂಧವಿಲ್ಲ, ಕೇಳಲು ಮಾತ್ರ ಚೆನ್ನಾಗಿದೆ.

ಹಳೆಯ ದಪ್ಪ ದುಪ್ಪಟಿಯನ್ನು ಎರಡು ಪದರ ಮಾಡಿ ಹೊಲಿದೆವು. ಮೇಲಿನ ಪಟ್ಟಿಗಳು ಎರಡೆರಡು ಮೀಟರು, ಕೆಳಗಿನವು ಅದರ ಅರ್ಧ. ಪಟ್ಟಿ ಬಟ್ಟೆಗೆ ಸೇರುವ ಕಡೆ ಮೂರು ಸಲ ಹೊಲಿಗೆ ಹಾಕಿದೆವು. ಮಗುವಿನ ಜೀವ ಆ ದಾರದಲ್ಲಿದೆಯಷ್ಟೆ.

ಮೊದಲ ದಿನ ಸೋತೆ. ಸಡಿಲವಾಗಿ ಕಟ್ಟಿದ್ದರಿಂದ ಕೂಸು ಸೊಂಟದ ಕೆಳಕ್ಕೆ ಜಾರಿತು, ಪಟ್ಟಿ ಹೆಗಲನ್ನು ಕೊಯ್ಯಿತು. ನೀರಿನ ಕೊಡವನ್ನು ಮೈಗೆ ಒತ್ತಿ ಹಿಡಿದರೆ ಒಂದು ಭಾರ, ಕೈ ನೀಡಿ ಹಿಡಿದರೆ ಇನ್ನೊಂದು ಭಾರವಲ್ಲವೆ? ಇಲ್ಲಿಯೂ ಅಷ್ಟೆ. ಮಗು ಮೈಯಿಂದ ದೂರವಾದಷ್ಟೂ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ. ಆದುದರಿಂದ ಮಗು ನಮ್ಮ ಹೆಗಲ ಮೇಲಿಂದ ಇಣುಕಿ ನೋಡುವಷ್ಟು ಎತ್ತರದಲ್ಲಿ, ಬೆನ್ನಿಗೆ ಅಂಟಿಕೊಂಡಂತಿರಬೇಕು. ಗುಟ್ಟೆಲ್ಲ ಇದರಲ್ಲಿಯೇ ಇದೆ.

ಮೊದಲು ಕೆಳಗಿನ ಪಟ್ಟಿಗಳನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಬಟ್ಟೆಯನ್ನು ಹಿಂದೆ ಇಳಿಬಿಡಬೇಕು. ಮಗುವನ್ನು ಜಗಲಿಯ ಮೇಲೆ ನಿಲ್ಲಿಸಿ, ಬಾಗಿ ಬೆನ್ನಿಗೇರಿಸಿಕೊಳ್ಳಬೇಕು. ಕಲಿಯುವವರೆಗೆ ಇನ್ನೊಬ್ಬರು ಹಿಡಿದಿರುವುದು ಲೇಸು. ಬಟ್ಟೆಯನ್ನು ಮಗುವಿನ ಬೆನ್ನ ಮೇಲೆಳೆದು, ಮೇಲಿನ ಪಟ್ಟಿಗಳನ್ನು ನಮ್ಮ ಹೆಗಲ ಮೇಲೆ ತಂದು, ಕಂಕುಳ ಕೆಳಗೆ ಹಿಂದಕ್ಕೊಯ್ದು, ಮಗುವಿನ ಪೃಷ್ಠದ ಕೆಳಗೆ ಒಂದರ ಮೇಲೊಂದು ಅಡ್ಡಹಾಯಿಸಿ, ತೊಡೆಗಳ ಅಡಿಯಿಂದ ಮುಂದಕ್ಕೆ ತಂದು ಗಂಟು ಹಾಕಬೇಕು. ಪಟ್ಟಿ ಹುರಿಗೊಳ್ಳದೆ ಹೆಗಲ ಮೇಲೆ ಅಗಲವಾಗಿ ಹರಡಿರಲಿ.

ಮಗು ಕುಳಿತಿರಬೇಕು, ಜೋತಾಡಬಾರದು. ಬಟ್ಟೆ ಒಂದು ಮೊಣಕಾಲ ಸಂದಿಯಿಂದ ಇನ್ನೊಂದರವರೆಗೆ ಆಧಾರ ಕೊಡಬೇಕು. ಮೊಣಕಾಲು ಪೃಷ್ಠಕ್ಕಿಂತ ತುಸು ಮೇಲಿರಬೇಕು. ಎಳೆಯ ಮಕ್ಕಳ ಸೊಂಟದ ಕೀಲಿಗೆ ಕಾಲು ಮಡಿಸಿ ಅಗಲಿಸಿದ ಭಂಗಿಯೇ ಹಿತ. ಜಪಾನಿನಲ್ಲಿ ಹಸುಗೂಸುಗಳ ಕಾಲನ್ನು ನೀಳವಾಗಿ ಚಾಚಿ ಬಟ್ಟೆ ಸುತ್ತುವುದನ್ನು ಬಿಡಬೇಕೆಂದು 1970ರ ದಶಕದಲ್ಲಿ ಪ್ರಚಾರ ಮಾಡಿದ ಮೇಲೆ, ಆ ಕೀಲು ಜಾರುವ ತೊಂದರೆ ಬಹುಮಟ್ಟಿಗೆ ಇಳಿಯಿತು. ಕತ್ತು ನಿಲ್ಲದ ಕೂಸನ್ನು ಬೆನ್ನಿಗೆ ಕಟ್ಟಬಾರದು. ಯಾವ ಮಗುವಿನ ಮೂಗೂ ಬಟ್ಟೆಯಲ್ಲಿ ಹುದುಗಬಾರದು. ಒಲೆಯ ಮುಂದೆ, ಬೈಕಿನ ಮೇಲೆ ಈ ಕಟ್ಟು ಬೇಡವೇ ಬೇಡ.

ಮೊದಲ ಸಲ ಹೀಗೆ ಬಸ್ ನಿಲ್ದಾಣಕ್ಕೆ ಹೋದಾಗ ಊರಿನ ಹಿರಿಯರೊಬ್ಬರು, “ಏನ್ಲಾ, ಬಿ.ಎ. ಓದೋನ್ಗೆ ಕೂಸು ಹೊರೋ ಕೆಲ್ಸ ಸಿಕ್ತಾ?” ಎಂದರು. ಸುತ್ತಲಿದ್ದವರು ನಕ್ಕರು. ನಾನು ತಲೆ ತಗ್ಗಿಸಿದೆ. ಆನ್ ಮೂರ್ ಎಂಬ ಅಮೆರಿಕದ ದಾದಿ ಆಫ್ರಿಕದ ಟೋಗೋ ದೇಶದ ತಾಯಂದಿರನ್ನು ನೋಡಿ ಕಲಿತು, ತನ್ನ ಮಗುವಿಗಾಗಿ ಇಂಥದೇ ಚೀಲ ಮಾಡಿಸಿ, 1969ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಸಂಗತಿ ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಾಯಿ ಬರುತ್ತಿತ್ತೋ ಇಲ್ಲವೋ. ಅವ್ವನೇ ಹೇಳಿದಳು: “ನಿಮ್ಮನ್ನೂ ಒಬ್ಳು ಹೊತ್ತಿದ್ದಕ್ಕೆ ತಾನೆ ಅಣ್ಣಯ್ಯ, ಇವತ್ತು ಇಲ್ಲಿ ನಿಂತಿರೋದು?”

ಅವ್ವನ ನೋವು ಪೂರ್ತಿ ಹೋಗಿಲ್ಲ, ಆದರೆ ಕೂಲಿ ತಪ್ಪುತ್ತಿಲ್ಲ. ಮಗುವಿಗೆ ಎರಡು ತುಂಬುತ್ತ ಬಂದಿದೆ. ಬಟ್ಟೆ ಈಗ ಮೊಣಕಾಲ ಸಂದಿಗೆ ನಿಲುಕುತ್ತಿಲ್ಲ. ಪರೀಕ್ಷೆ ಮುಗಿದೊಡನೆ ಎರಡು ಪಕ್ಕಕ್ಕೂ ನಾಲ್ಕು ನಾಲ್ಕು ಬೆರಳಗಲ ಸೇರಿಸಿ ಹೊಲಿಯಬೇಕಾಗಿದೆ.