ಕಚ್ಚಿಕೊಂಡ ನಟ್ಟು



ಹಳೆಯ ಮೋಟಾರು ಕಾರನ್ನು ಇಟ್ಟುಕೊಂಡವರಿಗೆ ಎರಡು ಬಗೆಯ ಸುಖವುಂಟು. ಕಾರು ಓಡುತ್ತಿರುವಾಗಿನ ಸುಖ ಒಂದು. ನಿಂತುಹೋದ ಕಾರು ಮರಳಿ ಓಡಿದಾಗಿನ ಸುಖ ಇನ್ನೊಂದು. ಈ ಎರಡನೆಯದನ್ನು ಪಡೆಯಬೇಕಾದರೆ ನಡುವೆ ಕೆಲವು ಕಷ್ಟಗಳನ್ನು ದಾಟಬೇಕು. ಅವುಗಳಲ್ಲಿ ನೋಡಲು ಅತಿ ಚಿಕ್ಕದಾದ, ಆದರೆ ಕೈತಪ್ಪಿದರೆ ಅತಿ ದುಬಾರಿಯಾದ ಒಂದು ಕಷ್ಟವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ. ಪೆಟ್ರೋಲಿನ ಕೊಳವೆಯನ್ನು ಕಾರ್ಬ್ಯುರೇಟರಿಗೆ ಸೇರಿಸುವ ನಟ್ಟು ಕಚ್ಚಿಕೊಂಡು ಬಿಡದಿರುವುದೇ ಆ ಕಷ್ಟ.

ಕೆಲವು ಕಾಲದ ಹಿಂದೆ ಒಂದು ಮದುವೆಯ ನಿಮಿತ್ತ ನಾನು ಮೈಸೂರಿನಿಂದ ಕೃಷ್ಣರಾಜಪೇಟೆಯ ಕಡೆಗೆ ಹೊರಟಿದ್ದೆನು. ನನ್ನ ಕಾರು ತಂದೆಯವರ ಕಾಲದ್ದು. ಅನೇಕ ತಿಂಗಳು ಕೊಟ್ಟಿಗೆಯಲ್ಲಿ ನಿಂತಿದ್ದುದು. ಬೂಕನಕೆರೆಯ ಬಳಿಗೆ ಬರುವಷ್ಟರಲ್ಲಿ ಅದು ಕೆಮ್ಮಿ, ಕುಂಟಿ, ನಿಂತೇಬಿಟ್ಟಿತು. ಕಾರ್ಬ್ಯುರೇಟರಿನ ಬಾಯಲ್ಲಿರುವ ಸಣ್ಣ ಜಾಲರಿಗೆ ಕಸ ಕಟ್ಟಿಕೊಂಡಿದೆಯೆಂದು ಊಹಿಸಿ, ಅದನ್ನು ತೊಳೆಯುವುದಕ್ಕಾಗಿ ಕೊಳವೆಯ ನಟ್ಟಿಗೆ ಸ್ಪ್ಯಾನರು ಹಾಕಿದೆನು. ನಟ್ಟು ಕದಲಲಿಲ್ಲ. ಇನ್ನಷ್ಟು ಬಲವಾಗಿ ಎಳೆದೆನು. ನಟ್ಟಿನ ಎರಡು ಮೂಲೆಗಳು ಸವೆದು ದುಂಡಾದುವು, ಕೊಳವೆ ತಿರುಚಿಕೊಳ್ಳತೊಡಗಿತು.

ಅಷ್ಟರಲ್ಲಿ ಹತ್ತಿರದಲ್ಲಿ ಟ್ರಾಕ್ಟರು ರಿಪೇರಿ ಮಾಡುತ್ತಿದ್ದ ಒಬ್ಬರು ಬಂದು ಇಣಿಕಿ ನೋಡಿದರು. "ಯಾಕ್ ಸ್ವಾಮಿ ಅಂಗ್ ಎಳೀತೀರಿ? ನಟ್ಟು ಬರಾಕಿಲ್ಲ, ಕಾರ್ಬೇಟ್ರೇ ಕಿತ್ಕೊಂಡ್ ಬರ್ತದೆ" ಎಂದರು. ಈ ಮಾತಿನಲ್ಲಿ ಇಂದಿನ ವಿಷಯದ ಸಾರವೆಲ್ಲ ಅಡಗಿದೆ. ಅದನ್ನು ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಕಾರ್ಬ್ಯುರೇಟರೆಂಬುದು ಎಂಜಿನ್ನಿನ ಅಡಿಗೆಮನೆ. ಒಂದು ತೂಕ ಪೆಟ್ರೋಲಿಗೆ ಸುಮಾರು 15 ತೂಕ ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಬಡಿಸುವುದು ಅದರ ಕರ್ತವ್ಯ. ಅದರ ಒಡಲನ್ನು ಸಾಮಾನ್ಯವಾಗಿ ಸತುವಿನ ಅಥವಾ ಅಲ್ಯೂಮಿನಿಯಮ್ಮಿನ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಆ ಒಡಲಿಗೆ ಹಿತ್ತಾಳೆಯ ಒಂದು ಜೋಡಣೆಯನ್ನು ತಿರುಪಿರುತ್ತಾರೆ. ಕೊಳವೆಯ ನಟ್ಟು ಸೇರುವುದು ಈ ಜೋಡಣೆಗೆ. ಹೀಗೆ ಮೂರು ತುಂಡುಗಳು ಸಾಲಾಗಿ ನಿಂತಿರುವಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದೂ ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಒಡಲೇ ಎಂಬುದನ್ನು ಮರೆಯಬಾರದು. ನಟ್ಟಿನ ಮೇಲೆ ಪ್ರಯೋಗಿಸಿದ ಬಲವು ಜೋಡಣೆಯನ್ನು ತಿರುಗಿಸಿ, ಒಡಲಿನೊಳಗಿನ ತಿರುಪಿನ ಸುತ್ತುಗಳನ್ನು ಹರಿದುಹಾಕಬಲ್ಲುದು. ನಟ್ಟು ಹೋದರೆ ಇನ್ನೊಂದು ದೊರೆಯುತ್ತದೆ; ಹಳೆಯ ಕಾರಿನ ಕಾರ್ಬ್ಯುರೇಟರು ಹೋದರೆ ಗುಜರಿ ಅಂಗಡಿಗಳನ್ನು ಅಲೆಯಬೇಕಾಗುತ್ತದೆ.

ಹಾಗಾದರೆ ನಟ್ಟು ಕಚ್ಚಿಕೊಳ್ಳುವುದೇಕೆ? ಹಿಂದೆ ಯಾರೋ ಅತಿಯಾಗಿ ಬಿಗಿದಿರಬಹುದು. ಅಥವಾ ಓರೆಯಾಗಿ ತಿರುಪಿರಬಹುದು. ಪೆಟ್ರೋಲು ಆರಿ ಉಳಿದ ಅಂಟು ಸುತ್ತುಗಳ ನಡುವೆ ಗಟ್ಟಿಯಾಗಿರಬಹುದು. ಇವೆಲ್ಲಕ್ಕಿಂತ ಮುಖ್ಯವಾದುದು ಕಿಲುಬು. ಎರಡು ಬೇರೆ ಬೇರೆ ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ, ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು ಮೆತ್ತಗಿನ ಸತುವು ಬಿಳಿಯ ಪುಡಿಯಾಗಿ ಸವೆಯುತ್ತದೆ. ಈ ಪುಡಿ ಸುತ್ತುಗಳಲ್ಲಿ ಗಾರೆಯಂತೆ ಕೂಡುತ್ತದೆ.

ಇಲ್ಲಿ ಮಂಡ್ಯದ ಸೀಮೆಗೆ ಒಪ್ಪುವ ಒಂದು ಮಾತುಂಟು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದಂದಿನಿಂದ ಕಬ್ಬು ಈ ನಾಡಿನ ಮುಖ್ಯ ಬೆಳೆಗಳಲ್ಲಿ ಒಂದು. ಕಬ್ಬಿನ ಹಾಲಿನಿಂದಲೂ ಕಾಕಂಬಿಯಿಂದಲೂ ತೆಗೆದ ಎಥನಾಲನ್ನು ಇಂದು ಪೆಟ್ರೋಲಿಗೆ ಬೆರೆಸುತ್ತಾರೆ. ಭಾರತದಲ್ಲಿ ಈ ಬೆರಕೆಯು 2025ರಲ್ಲಿ ನೂರಕ್ಕೆ 20ರ ಪ್ರಮಾಣವನ್ನು ಮುಟ್ಟಿತು. ರೈತನಿಗೆ ಇದರಿಂದ ಅನುಕೂಲವೇ. ಆದರೆ ಎಥನಾಲು ನೀರನ್ನು ಹೀರುವ ಸ್ವಭಾವದ್ದು. ದಿನವೂ ಓಡುವ ಕಾರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ತಿಂಗಳುಗಟ್ಟಲೆ ನಿಂತ ಹಳೆಯ ಕಾರಿನಲ್ಲಿ ಆ ತೇವವೇ ಕಿಲುಬಿಗೆ ತಾಯಿಯಾಗುತ್ತದೆ. ಕಾರನ್ನು ಬಹುಕಾಲ ನಿಲ್ಲಿಸುವವರು ಕಾರ್ಬ್ಯುರೇಟರಿನ ಪೆಟ್ರೋಲನ್ನು ಖಾಲಿಮಾಡುವುದು ಒಳಿತು.

ಇನ್ನು ಬಿಡಿಸುವ ಕ್ರಮ. ಎಲ್ಲಕ್ಕಿಂತ ಮೊದಲು ಪ್ರಾಣರಕ್ಷಣೆ. ಎಂಜಿನ್ನು ಪೂರ್ತಿ ತಣಿಯಲಿ. ಬ್ಯಾಟರಿಯ ತಂತಿಯನ್ನು ಕಳಚಿ. ಕೆಲಸವು ಬಯಲಿನಲ್ಲಿ ನಡೆಯಲಿ. ಬೀಡಿ, ಸಿಗರೇಟು, ದೀಪಗಳು ದೂರವಿರಲಿ. ಪಕ್ಕದಲ್ಲಿ ಒಂದು ಬಕೀಟು ಒಣಮರಳಿರಲಿ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ನೆಲದಲ್ಲಿ ಹರಿದುಹೋಗಿ ದೂರದ ಕಿಡಿಯನ್ನೂ ಮುಟ್ಟಬಲ್ಲುದು.

ಬಳಿಕ ನಟ್ಟನ್ನು ಬ್ರಷ್ಷಿನಿಂದ ತಿಕ್ಕಿ, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಹನಿಸಿ, ಸಾಧ್ಯವಾದರೆ ಒಂದು ರಾತ್ರಿ ಬಿಡಬೇಕು. ಬಾಯಿತೆರೆದ ಸ್ಪ್ಯಾನರು ಇಲ್ಲಿ ಒಳ್ಳೆಯದಲ್ಲ. ಅದು ನಟ್ಟಿನ ಎರಡೇ ಮುಖಗಳನ್ನು ಹಿಡಿಯುತ್ತದೆ. ಕೊಳವೆ ತೂರುವಷ್ಟು ಮಾತ್ರ ಸೀಳು ಬಿಟ್ಟ, ಉಳಿದಂತೆ ನಟ್ಟನ್ನು ಸುತ್ತಲೂ ತಬ್ಬುವ ಸ್ಪ್ಯಾನರು ಅಂಗಡಿಗಳಲ್ಲಿ ದೊರೆಯುತ್ತದೆ; ಅದೇ ತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸ್ಪ್ಯಾನರಿನಿಂದ ಹಿತ್ತಾಳೆಯ ಜೋಡಣೆಯನ್ನು ಕದಲದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ತಿರುಗಿಸಬೇಕು. ಆಗ ಬಲವು ಆ ಎರಡರ ನಡುವೆಯೇ ತೀರಿಹೋಗುತ್ತದೆ. ಮೆತ್ತಗಿನ ಒಡಲಿಗೆ ತಟ್ಟುವುದಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿದು, ಆಮೇಲೆ ಸಡಿಲಿಸಿದರೆ ಕಿಲುಬಿನ ಹಿಡಿತ ಮುರಿಯುವುದುಂಟು.

ಇಷ್ಟಕ್ಕೂ ಬಗ್ಗದಿದ್ದರೆ ಕೈ ನಿಲ್ಲಿಸಬೇಕು. ನನ್ನ ನಟ್ಟು ದುಂಡಾಗಿದ್ದುದರಿಂದ ಬೂಕನಕೆರೆಯಲ್ಲಿ ಆ ಮಹನೀಯರು ಮಾಡಿದುದು ಹೀಗೆ: ಕೊಳವೆಯನ್ನು ನಟ್ಟಿನ ಅಂಚಿಗೆ ಕತ್ತರಿಸಿದರು. ನನಗೆ ಎದೆ ಧಸಕ್ಕೆಂದಿತು. ಆದರೆ ಕೊಳವೆಯ ತುಂಡು ಅಗ್ಗದ ವಸ್ತು. ಅದು ಹೋದಮೇಲೆ ಜೋಡಣೆಯ ಆರು ಮುಖಗಳನ್ನೂ ಹಿಡಿಯುವ ಸಾಕೆಟ್ಟು ನೇರವಾಗಿ ಕೂಡುತ್ತದೆ. ಆಮೇಲೆ ಕಾರ್ಬ್ಯುರೇಟರನ್ನು ಬಿಚ್ಚಿ, ಒಳಗಿನ ಪೆಟ್ರೋಲನ್ನೆಲ್ಲ ಚೆಲ್ಲಿ, ಒರಸಿ, ಬಯಲಿನಲ್ಲಿ ಆರಲು ಬಿಟ್ಟು, ಪಕ್ಕದ ಹೋಟೆಲಿನಿಂದ ಒಂದು ಪಾತ್ರೆ ಕುದಿನೀರು ತರಿಸಿ ಜೋಡಣೆಯ ಸುತ್ತ ಹೊಯ್ದರು. ಬೆಂಕಿಯ ಜ್ವಾಲೆಯನ್ನು ಹತ್ತಿರ ತರಲಿಲ್ಲ.

ಇದರ ಶಾಸ್ತ್ರ ಸರಳವಾದುದು. ಕಾಯಿಸಿದಾಗ ಸತುವಿನ ಮಿಶ್ರಲೋಹವು ಒಂದೊಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 27 ಭಾಗದಷ್ಟು ಹಿಗ್ಗುತ್ತದೆ; ಹಿತ್ತಾಳೆಯಾದರೋ ಸುಮಾರು 19 ಭಾಗ. 12 ಮಿಲಿಮೀಟರು ಅಗಲದ ತೂತನ್ನು 70 ಡಿಗ್ರಿಯಷ್ಟು ಹೆಚ್ಚು ಬಿಸಿಮಾಡಿದರೆ, ತೂತು ಹಿತ್ತಾಳೆಗಿಂತ ಮಿಲಿಮೀಟರಿನ ಸಾವಿರದಲ್ಲಿ ಏಳು ಭಾಗದಷ್ಟು ಹೆಚ್ಚಾಗಿ ಅರಳುತ್ತದೆ. ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲು! ಕಿಲುಬಿನ ಗಾರೆ ಬಿರಿಯುವುದಕ್ಕೆ ಅದು ಸಾಕಾಯಿತು. ಎರಡನೆಯ ಪಾತ್ರೆ ನೀರಿಗೆ ಜೋಡಣೆಯು 'ಟಕ್' ಎಂದು ಸದ್ದುಮಾಡಿ, ನಟ್ಟಿನ ಸಮೇತ ಹೊರಬಂದಿತು. ಒಡಲಿನ ಸುತ್ತುಗಳು ಕೆಡದೆ ಹಾಗೆಯೇ ಉಳಿದಿದ್ದುವು.

ಮರಳಿ ಜೋಡಿಸುವಾಗ ಒಡಲನ್ನು ಚೆನ್ನಾಗಿ ಒಣಗಿಸಿ, ಮೊದಲ ಮೂರು ನಾಲ್ಕು ಸುತ್ತುಗಳನ್ನು ಬೆರಳುಗಳಿಂದಲೇ ತಿರುಪಬೇಕು. ಬೆರಳಿಗೆ ಅದು ಸುಲಭವಾಗಿ ಬರದಿದ್ದರೆ ಓರೆಯಾಗಿದೆಯೆಂದು ತಿಳಿಯಬೇಕು. ಹಳೆಯ ವಾಷರುಗಳನ್ನು ಬಿಸುಟು ಹೊಸವನ್ನು ಹಾಕಿ, ಎಂಜಿನ್ನು ಹೊರಡಿಸುವ ಮೊದಲು ಪೆಟ್ರೋಲು ಜಿನುಗುತ್ತಿಲ್ಲವೆಂಬುದನ್ನು ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು.

ನಾನು ಮದುವೆಗೆ ಹೋಗಿ ಸೇರುವಷ್ಟರಲ್ಲಿ ಧಾರೆ ಮುಗಿದು ಎರಡನೆಯ ಪಂಕ್ತಿ ಕುಳಿತಿತ್ತು. ತಡವಾದುದಕ್ಕೆ ನನಗೆ ಬೇಸರವಾಗಲಿಲ್ಲ. ನನ್ನ ತೋಳಿನ ಬಲಕ್ಕೆ ಬಗ್ಗದಿದ್ದುದು ಒಂದು ಪಾತ್ರೆ ಬಿಸಿನೀರಿಗೆ ಬಗ್ಗಿತ್ತು. ಯಾವುದು ಗಟ್ಟಿ, ಯಾವುದು ಮೆತ್ತಗೆ ಎಂಬುದನ್ನು ಅರಿತವನ ಕೈಯಲ್ಲಿ ಸ್ಪ್ಯಾನರು ಉಪಕರಣವಾಗುತ್ತದೆ. ಅರಿಯದವನ ಕೈಯಲ್ಲಿ ಅದು ಸುತ್ತಿಗೆಯೇ ಸರಿ.