ಸಣ್ಣ ಕಾರ್ಯಾಗಾರಕ್ಕೆ ಪ್ಲಾಸ್ಮಾ ಕಟರ್: ಆಯ್ಕೆ ಮತ್ತು ಸುರಕ್ಷಿತ ಬಳಕೆ

ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೈಲರ್, ಹೋಟೆಲ್ ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಉಪಕರಣ ಮುಂತಾದವುಗಳನ್ನು ತಯಾರಿಸುವ ಸಣ್ಣ ಉದ್ದಿಮೆಗಳಲ್ಲಿ ಲೋಹದ ತಗಡನ್ನು ಕತ್ತರಿಸಲು ಬಹುಕಾಲದಿಂದ ಗ್ಯಾಸ್ ಕಟಿಂಗ್ ಹಾಗೂ ಗ್ರೈಂಡರ್‌ಗಳೇ ಆಧಾರವಾಗಿದ್ದವು. ಇನ್ವರ್ಟರ್ ತಂತ್ರಜ್ಞಾನದಿಂದಾಗಿ ಯಂತ್ರದ ಗಾತ್ರ ಮತ್ತು ಬೆಲೆಗಳೆರಡೂ ಇಳಿದ ಮೇಲೆ ಪ್ಲಾಸ್ಮಾ ಕಟರ್ ಮನೆಗೆ ಹೊಂದಿಕೊಂಡ ಷೆಡ್ಡಿನ ಕಾರ್ಯಾಗಾರಗಳಿಗೂ ಕಾಲಿಟ್ಟಿದೆ. ಆದರೆ ಯಂತ್ರವೊಂದನ್ನೇ ಕೊಂಡರೆ ಸಾಲದು. ತಕ್ಕ ವಿದ್ಯುತ್ ಪೂರೈಕೆ, ತೇವವಿಲ್ಲದ ಗಾಳಿ ಹಾಗೂ ಕೆಲಸಗಾರನ ರಕ್ಷಣೆ ಈ ಮೂರೂ ಜೊತೆಗೂಡದಿದ್ದಲ್ಲಿ ಹೂಡಿದ ಬಂಡವಾಳ ಮೂಲೆ ಸೇರುತ್ತದೆ. ಕೆಲವೊಮ್ಮೆ ಕಣ್ಣು ಅಥವಾ ಜೀವವೇ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ಖರೀದಿಗೆ ಮೊದಲೇ ಇವೆಲ್ಲವನ್ನೂ ಒಟ್ಟಾಗಿ ಲೆಕ್ಕ ಹಾಕುವುದು ಉಚಿತ.

ಕಾರ್ಯವಿಧಾನ

ಟಾರ್ಚಿನೊಳಗಿನ ಎಲೆಕ್ಟ್ರೋಡ್ ಹಾಗೂ ಕತ್ತರಿಸಬೇಕಾದ ಲೋಹದ ನಡುವೆ ವಿದ್ಯುತ್ ಆರ್ಕ್ ಉಂಟುಮಾಡಿ, ಅದನ್ನು ನಾಜಲ್‌ನ ಕಿರಿದಾದ ರಂಧ್ರದ ಮೂಲಕ ಒತ್ತಡದ ಗಾಳಿಯೊಡನೆ ಹಾಯಿಸಲಾಗುತ್ತದೆ. ಆಗ ಗಾಳಿಯು ಸುಮಾರು 20,000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪ್ಲಾಸ್ಮಾ ಆಗಿ ಮಾರ್ಪಟ್ಟು ಲೋಹವನ್ನು ಕರಗಿಸುತ್ತದೆ. ಅದರ ರಭಸವು ಕರಗಿದ ಲೋಹವನ್ನು ಕೆಳಕ್ಕೆ ಊದಿ ಹಾಕುತ್ತದೆ. ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ರಾಬರ್ಟ್ ಗೇಜ್ ಅವರಿಗೆ 1957ರಲ್ಲಿ ಈ ವಿಧಾನದ ಪೇಟೆಂಟ್ ದೊರೆಯಿತು.

ಗ್ಯಾಸ್ ಕಟಿಂಗ್‌ನಲ್ಲಿ ಆಮ್ಲಜನಕವು ಕಾದ ಉಕ್ಕನ್ನೇ ಉರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂಗಳ ಮೇಲೆ ಸುಲಭವಾಗಿ ಕರಗದ ಆಕ್ಸೈಡ್ ಪದರ ಕಟ್ಟುವುದರಿಂದ ಆ ವಿಧಾನ ಅಲ್ಲಿ ನಡೆಯದು. ಪ್ಲಾಸ್ಮಾಕ್ಕೆ ಈ ತೊಡಕಿಲ್ಲ. ವಿದ್ಯುತ್ ಹರಿಯುವ ಯಾವುದೇ ಲೋಹವನ್ನು ಅದು ಕತ್ತರಿಸಬಲ್ಲದು. ತೆಳು ತಗಡು ಕಾವಿಗೆ ಸೊಟ್ಟಗಾಗುವುದೂ ಕಡಿಮೆ.

ಕೊಳ್ಳುವುದು ಅಗತ್ಯವೇ?

ಮೊದಲು ತಮ್ಮ ಕೆಲಸದ ಸ್ವರೂಪವನ್ನು ಪರಿಶೀಲಿಸಬೇಕು. 25 ಮಿ.ಮೀ.ಗೂ ಮಿಕ್ಕಿದ ದಪ್ಪದ ಸಾದಾ ಉಕ್ಕೇ ಹೆಚ್ಚಾಗಿದ್ದಲ್ಲಿ ಗ್ಯಾಸ್ ಕಟಿಂಗ್ ಇಂದಿಗೂ ಅಗ್ಗ. ಒಂದೇ ಅಳತೆಯ ನೂರಾರು ತೆಳು ಬಿಡಿಭಾಗಗಳು ಬೇಕಿದ್ದಲ್ಲಿ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಜಾಬ್ ವರ್ಕ್ ಆಧಾರದ ಮೇಲೆ ಲೇಸರ್ ಕಟಿಂಗ್ ಮಾಡಿಸುವುದು ಲಾಭಕರ. ಅಂಚು ಹೆಚ್ಚು ನೇರವಾಗಿರುತ್ತದೆ. ಇವೆರಡರ ನಡುವಿನ ಕೆಲಸ, ಅಂದರೆ 2ರಿಂದ 12 ಮಿ.ಮೀ. ದಪ್ಪದ ವಿವಿಧ ಲೋಹಗಳನ್ನು ದಿನನಿತ್ಯ ಬೇರೆ ಬೇರೆ ಆಕಾರದಲ್ಲಿ ಕತ್ತರಿಸುವುದು, ಪ್ಲಾಸ್ಮಾ ಕಟರ್‌ಗೆ ಸೂಕ್ತ ಕ್ಷೇತ್ರ. ತಿಂಗಳಿಗೆ ನಾಲ್ಕಾರು ಗಂಟೆಯಷ್ಟೂ ಕೆಲಸವಿಲ್ಲದವರು ಹೊರಗೆ ಮಾಡಿಸುವ ಖರ್ಚಿನೊಡನೆ ಹೋಲಿಸಿ ನೋಡಿಯೇ ಮುಂದುವರಿಯಬೇಕು.

ದಪ್ಪ ಮತ್ತು ಡ್ಯೂಟಿ ಸೈಕಲ್

ಮಾರಾಟಗಾರರು ಹೇಳುವ ದಪ್ಪ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಿಮಿಷಕ್ಕೆ ಸುಮಾರು 500 ಮಿ.ಮೀ. ವೇಗದಲ್ಲಿ ಕತ್ತರಿಸಬಲ್ಲದ್ದು ಶಿಫಾರಸು ಮಾಡಲಾದ ದಪ್ಪ. ಸುಮಾರು 125 ಮಿ.ಮೀ. ವೇಗದಲ್ಲಿ ಹೇಗೋ ತುಂಡರಿಸಬಲ್ಲದ್ದು ಕಡೆಯ ಮಿತಿ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಬಹುತೇಕ ಎರಡನೆಯದು. ಆ ಮಿತಿಯಲ್ಲಿ ಅಂಚು ಒರಟಾಗಿ, ಕಿಟ್ಟ ಕೆರೆಯುವುದರಲ್ಲೇ ಸಮಯ ಕಳೆಯುತ್ತದೆ. ತಗಡಿನ ನಡುವೆ ರಂಧ್ರ ಕೊರೆದು ಆರಂಭಿಸುವ ಸಾಮರ್ಥ್ಯ ಅಂಚಿನಿಂದ ಆರಂಭಿಸುವುದಕ್ಕಿಂತ ಕಡಿಮೆ ಎಂಬುದನ್ನೂ ನೆನಪಿಡಬೇಕು. ಸಾಮಾನ್ಯವಾಗಿ 40 ಆಂಪಿಯರ್ ಯಂತ್ರವು 10ರಿಂದ 12 ಮಿ.ಮೀ. ಉಕ್ಕಿನ ಕೆಲಸಕ್ಕೆ ಸಾಕಾಗುತ್ತದೆ.

ಡ್ಯೂಟಿ ಸೈಕಲ್ ಶೇ. 60 ಎಂದರೆ ಹತ್ತು ನಿಮಿಷಗಳಲ್ಲಿ ಆರು ನಿಮಿಷ ಕತ್ತರಿಸಿ ನಾಲ್ಕು ನಿಮಿಷ ಯಂತ್ರಕ್ಕೆ ವಿರಾಮ ಕೊಡಬೇಕೆಂದು ಅರ್ಥ. ಅಂತಾರಾಷ್ಟ್ರೀಯ ಮಾನಕದಂತೆ ಇದನ್ನು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆಯಬೇಕು. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ತಗಡಿನ ಷೆಡ್ಡಿನೊಳಗೆ ಉಷ್ಣತೆ ಅದನ್ನೂ ಮೀರುವುದರಿಂದ ಅಲ್ಲಿನ ಉದ್ದಿಮೆದಾರರು ಅಗತ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನ ಯಂತ್ರವನ್ನು ಆರಿಸುವುದು ಒಳಿತು.

ಆರ್ಕ್ ಹೊತ್ತಿಸುವ ವಿಧಾನವೂ ಮುಖ್ಯ. ಹೈ ಫ್ರೀಕ್ವೆನ್ಸಿ ಮಾದರಿಗಳು ಸಮೀಪದ ಸಿ.ಎನ್.ಸಿ. ಯಂತ್ರ ಹಾಗೂ ಕಂಪ್ಯೂಟರುಗಳಿಗೆ ಅಡಚಣೆ ಉಂಟುಮಾಡಬಹುದು. ಅಂತಹ ಉಪಕರಣಗಳಿರುವಲ್ಲಿ ಹೈ ಫ್ರೀಕ್ವೆನ್ಸಿ ಇಲ್ಲದೆ ಹೊತ್ತುವ ಮಾದರಿ ಲೇಸು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವೈದ್ಯರ ಸಲಹೆಯಿಲ್ಲದೆ ಯಾವ ಮಾದರಿಯ ಹತ್ತಿರವೂ ಬರಬಾರದು.

ವಿದ್ಯುತ್ ಪೂರೈಕೆ

40 ಆಂಪಿಯರ್ ಯಂತ್ರದ ಆರ್ಕ್‌ಗೆ ಸುಮಾರು 4 ಕಿಲೋವ್ಯಾಟ್ ಬೇಕು. ಯಂತ್ರದೊಳಗಿನ ನಷ್ಟವೂ ಸೇರಿದರೆ 230 ವೋಲ್ಟ್ ಸಿಂಗಲ್ ಫೇಸ್ ಮಾರ್ಗದಿಂದ 20 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮನೆಯ 16 ಆಂಪಿಯರ್ ಸಾಕೆಟ್ ಇದಕ್ಕೆ ತಕ್ಕುದಲ್ಲ. 3 ಎಚ್.ಪಿ. ಕಂಪ್ರೆಸರ್ ಕೂಡಿದರೆ ಒಟ್ಟು ಹೊರೆ ಸುಮಾರು 7 ಕಿಲೋವ್ಯಾಟ್ ಆಗುತ್ತದೆ. ಪ್ರತ್ಯೇಕ ಮಾರ್ಗ, ತಕ್ಕ ಎಂ.ಸಿ.ಬಿ., ಸೋರಿಕೆ ರಕ್ಷಕ ಮತ್ತು ಉತ್ತಮ ಅರ್ಥಿಂಗ್‌ಗಳನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಗೃಹಬಳಕೆಯ ಸಂಪರ್ಕದಲ್ಲಿಯೇ ವ್ಯಾಪಾರದ ಕೆಲಸ ನಡೆಸುವವರು ಇನ್ನೊಂದು ವಿಷಯ ತಿಳಿದಿರಬೇಕು. 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನಂತೆ, ಮಂಜೂರಾದ ಉದ್ದೇಶ ಬಿಟ್ಟು ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸುವುದು ಅನಧಿಕೃತ ಬಳಕೆ. ಇದಕ್ಕೆ ಅನ್ವಯವಾಗುವ ದರದ ಎರಡು ಪಟ್ಟು ಶುಲ್ಕ ವಿಧಿಸಲಾಗುತ್ತದೆ. ಅವಧಿ ನಿರ್ಧರಿಸಲಾಗದಿದ್ದಲ್ಲಿ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಯಂತ್ರ ತರುವ ಮುನ್ನವೇ ಸಂಪರ್ಕದ ವರ್ಗ ಮತ್ತು ಮಂಜೂರಾದ ಹೊರೆಯನ್ನು ಸರಿಪಡಿಸಿಕೊಳ್ಳುವುದು ಕ್ಷೇಮ.

ಗಾಳಿಯ ಗುಣಮಟ್ಟ

ಲಾಭ ನಷ್ಟಗಳು ಬಹುಪಾಲು ನಿರ್ಧಾರವಾಗುವುದು ಇಲ್ಲಿಯೇ. ನಿಮಿಷಕ್ಕೆ 500 ಮಿ.ಮೀ. ವೇಗದಲ್ಲಿ ಒಂದು ಗಂಟೆ ಆರ್ಕ್ ಉರಿದರೆ 30 ಮೀಟರ್ ಕತ್ತರಿಸಬಹುದು. ತಗಲುವ ವಿದ್ಯುತ್ 7 ಯೂನಿಟ್. ಅಂದರೆ ಮೀಟರಿಗೆ ಕಾಲು ಯೂನಿಟ್ಟೂ ಆಗದು. ನಿಜವಾದ ಖರ್ಚು ಕೂಲಿಯದು ಹಾಗೂ ಪದೇ ಪದೇ ಬದಲಿಸಬೇಕಾದ ಎಲೆಕ್ಟ್ರೋಡ್, ನಾಜಲ್‌ಗಳದು. ಇವುಗಳ ಆಯುಷ್ಯವನ್ನು ಗಾಳಿಯಲ್ಲಿನ ತೇವ ಹಾಗೂ ಎಣ್ಣೆಯ ಅಂಶ ತೀವ್ರವಾಗಿ ಕುಗ್ಗಿಸುತ್ತವೆ.

40 ಆಂಪಿಯರ್ ಟಾರ್ಚಿಗೆ ಸುಮಾರು 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 120ರಿಂದ 190 ಲೀಟರ್ ಗಾಳಿ ಬೇಕಾಗುತ್ತದೆ. ಕಂಪ್ರೆಸರ್ ಫಲಕದಲ್ಲಿ ಪಿಸ್ಟನ್ ಸ್ಥಳಾಂತರದ ಅಂಕಿ ಮಾತ್ರ ಇರಬಹುದು. ನಿಜವಾಗಿ ಹೊರಬರುವ ಗಾಳಿ ಅದಕ್ಕಿಂತ ಸಾಕಷ್ಟು ಕಡಿಮೆ. ಆ ನಿಜ ಪ್ರಮಾಣವನ್ನೇ ಕೇಳಿ ತಿಳಿಯಬೇಕು.

ಕಂಪ್ರೆಸರ್‌ನಿಂದ ಬಿಸಿಯಾಗಿ ಹೊರಡುವ ಗಾಳಿಯಲ್ಲಿ ನೀರು ಆವಿಯಾಗಿಯೇ ಇರುತ್ತದೆ; ಗಾಳಿ ತಣಿದ ಮೇಲಷ್ಟೇ ಹನಿಗಟ್ಟುತ್ತದೆ. ಆದ್ದರಿಂದ ತೇವ ಹಿಡಿಯುವ ಫಿಲ್ಟರನ್ನು ಕಂಪ್ರೆಸರ್ ಪಕ್ಕದಲ್ಲಿಡದೆ, ಕೊಳವೆಯ ಕೊನೆಯಲ್ಲಿ ಕಟರ್‌ನ ಸಮೀಪ ಅಳವಡಿಸಬೇಕು. ಟ್ಯಾಂಕಿನ ನೀರನ್ನು ಪ್ರತಿದಿನ ಹೊರಬಿಡಬೇಕು. ಕರಾವಳಿ ಹಾಗೂ ಮಲೆನಾಡಿನ ಮಳೆಗಾಲಕ್ಕೆ ಏರ್ ಡ್ರೈಯರ್ ಅವಶ್ಯಕವೆಂದೇ ಭಾವಿಸಬೇಕು. ಎಲೆಕ್ಟ್ರೋಡ್ ತುದಿಯ ಹ್ಯಾಫ್ನಿಯಂ ಬಿಂದುವಿನಲ್ಲಿ ಸುಮಾರು ಒಂದೂವರೆ ಮಿ.ಮೀ. ಆಳದ ಗುಳಿ ಬಿದ್ದೊಡನೆ ಬದಲಿಸಬೇಕು; ಉಳಿತಾಯಕ್ಕೆಂದು ಮುಂದುವರಿಸಿದರೆ ಟಾರ್ಚೇ ಸುಟ್ಟುಹೋಗಬಹುದು.

ಸುರಕ್ಷತೆ

ವಿದ್ಯುದಾಘಾತ: ಆರ್ಕ್ ವೆಲ್ಡಿಂಗ್ ಯಂತ್ರದ ತುದಿಯಲ್ಲಿ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇದ್ದರೆ, ಪ್ಲಾಸ್ಮಾ ಕಟರ್‌ನಲ್ಲಿ 200ರಿಂದ 400 ವೋಲ್ಟ್ ಇರುತ್ತದೆ. ವೆಲ್ಡಿಂಗ್ ಅಭ್ಯಾಸವಿರುವ ಕೆಲಸಗಾರ ಅದೇ ಸಲುಗೆಯಿಂದ ಇದನ್ನು ಮುಟ್ಟುವುದು ಅಪಾಯಕರ. ನಾಜಲ್ ಬದಲಿಸುವ ಮುನ್ನ ವಿದ್ಯುತ್ತನ್ನು ಸಂಪೂರ್ಣ ಕಡಿತಗೊಳಿಸಬೇಕು. ಒದ್ದೆ ನೆಲ, ಒದ್ದೆ ಕೈಗವಸು ಕೂಡದು.

ಕಣ್ಣು ಮತ್ತು ಕಿವಿ: 20ರಿಂದ 40 ಆಂಪಿಯರ್‌ವರೆಗೆ 5ನೆಯ ಸಂಖ್ಯೆಯ, 40ರಿಂದ 60ರವರೆಗೆ 6ನೆಯ ಸಂಖ್ಯೆಯ ಕಪ್ಪು ಗಾಜು ಕನಿಷ್ಠ ಅಗತ್ಯ. ಬಿಸಿಲಿನ ಕನ್ನಡಕ ಉಪಯೋಗಕ್ಕೆ ಬಾರದು. ಪಕ್ಕದಲ್ಲಿ ನಿಲ್ಲುವ ಸಹಾಯಕನಿಗೂ, ಷೆಡ್ಡಿಗೆ ಬಂದು ಹೋಗುವ ಮನೆಯ ಮಕ್ಕಳಿಗೂ ಅದೇ ಬೆಳಕು ತಾಗುತ್ತದೆಂಬುದನ್ನು ಮರೆಯದೆ ಪರದೆ ಕಟ್ಟಬೇಕು. ಕಿವಿಗೆ ಇಯರ್ ಪ್ಲಗ್ ಧರಿಸಬೇಕು.

ಹೊಗೆ: ಸ್ಟೇನ್‌ಲೆಸ್ ಸ್ಟೀಲ್‌ನ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಕ್ರೋಮಿಯಂ ಸಂಯುಕ್ತಗಳಿರುತ್ತವೆ. ಜಿ.ಐ. ತಗಡಿನ ಸತುವಿನ ಹೊಗೆಯಿಂದ ಅಂದಿನ ರಾತ್ರಿಯೇ ಚಳಿಜ್ವರ ಬರಬಹುದು. ಹಾಲು, ಬೆಲ್ಲ ಸೇವಿಸಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ಅವು ಶ್ವಾಸಕೋಶಕ್ಕೆ ಹೋಗುವ ಹೊಗೆಯನ್ನು ತಡೆಯಲಾರವು. ಹೊಗೆ ಹೊರಗೆಳೆಯುವ ಫ್ಯಾನ್ ಹಾಗೂ ಲೋಹದ ಹೊಗೆಗೆ ತಕ್ಕ ಮುಖಗವಸು ಬೇಕು. ಟ್ರೈಕ್ಲೋರೋಎಥಿಲೀನ್‌ನಂತಹ ಕ್ಲೋರಿನ್‌ಯುಕ್ತ ದ್ರಾವಕದಿಂದ ಒರೆಸಿದ ತಗಡನ್ನು ಕತ್ತರಿಸಿದರೆ ಪ್ರಾಣಾಂತಿಕ ಫಾಸ್ಜೀನ್ ಅನಿಲ ಹುಟ್ಟಬಹುದು.

ಬೆಂಕಿ ಮತ್ತು ಸ್ಫೋಟ: ಕಿಡಿಗಳು ಹತ್ತು ಮೀಟರಿಗೂ ಮಿಕ್ಕಿ ಹಾರಬಲ್ಲವು. ಬಣ್ಣ, ತಿನ್ನರ್, ಗೋಣಿಚೀಲ, ಸಿಲಿಂಡರ್‌ಗಳನ್ನು ದೂರವಿಡಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಗಮನವಿರಬೇಕು. ಡೀಸೆಲ್, ತಿನ್ನರ್ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು, ಖಾಲಿಯಾಗಿ ಕಂಡರೂ, ಸಣ್ಣ ಕಾರ್ಯಾಗಾರದಲ್ಲಿ ಕತ್ತರಿಸಲೇಬಾರದು. ಒಳಗುಳಿದ ಆವಿಯೇ ಸ್ಫೋಟಕ್ಕೆ ಸಾಕು.

ಖರೀದಿಗೆ ಮುನ್ನ

1. ದಿನನಿತ್ಯ ಕತ್ತರಿಸುವ ದಪ್ಪ ಎಷ್ಟು ಎಂಬುದನ್ನು ಬರೆದಿಟ್ಟು, ಅದೇ ತಗಡನ್ನು ಒಯ್ದು ಮಾರಾಟಗಾರರಲ್ಲಿ ಕತ್ತರಿಸಿ ನೋಡಿ.

2. ಎಲೆಕ್ಟ್ರೋಡ್, ನಾಜಲ್‌ಗಳ ಬೆಲೆ ಮತ್ತು ಅವು ತಮ್ಮ ಊರಿನಲ್ಲಿ ದೊರೆಯುವ ಖಾತರಿಯನ್ನು ವಿಚಾರಿಸಿ.

3. ಕಂಪ್ರೆಸರ್, ಡ್ರೈಯರ್, ವೈರಿಂಗ್, ರಕ್ಷಣಾ ಸಾಮಗ್ರಿಗಳ ವೆಚ್ಚವನ್ನು ಯಂತ್ರದ ಬೆಲೆಗೆ ಕೂಡಿಸಿ.

4. ವಾರಂಟಿ, ದುರಸ್ತಿ ಸೌಲಭ್ಯ ಮತ್ತು ಕೆಲಸಗಾರರಿಗೆ ತರಬೇತಿಯನ್ನು ಲಿಖಿತವಾಗಿ ಪಡೆಯಿರಿ.

ಹೀಗೆ ಬಂದ ಒಟ್ಟು ಮೊತ್ತವೇ ಪ್ಲಾಸ್ಮಾ ಕಟರ್‌ನ ನಿಜವಾದ ಬೆಲೆ. ಅದು ಕೈಗೆಟುಕದಿದ್ದಲ್ಲಿ ಡ್ರೈಯರ್ ಮತ್ತು ಮುಖಗವಸುಗಳನ್ನು ಬಿಟ್ಟು ಯಂತ್ರವನ್ನಷ್ಟೇ ಕೊಳ್ಳುವುದಕ್ಕಿಂತ, ಮತ್ತೊಂದು ವರ್ಷ ಜಾಬ್ ವರ್ಕ್ ಮಾಡಿಸಿಕೊಂಡು ಕಾಯುವುದೇ ಜಾಣತನದ ವ್ಯವಹಾರ.